ಎರಡು ಗೆರೆ

ಮಾರ್ಚ್ ೧೧, ಗುರುವಾರ

ಅಕ್ಕ,

ಸುಮ್ಮನಿರುವುದನ್ನು ಬಿಚ್ಚಬೇಡ ಎಂದು ನೀನು ಅಂದಿದ್ದೋ, ಅಮ್ಮ ಅಂದಿದ್ದೋ, ಈಗ ಸರಿಯಾಗಿ ನೆನಪಿಲ್ಲ. ಯಾರೇ ಅಂದಿರಲಿ, ನನ್ನನ್ನು ನೋಡಿಯೇ ಅಂದದ್ದು. ನಿನ್ನ ಕಾಗದ ಬಂದು ತಿಂಗಳಾಯಿತು; ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪನ ಕಿವಿ ಪಕ್ಕದಲ್ಲೇ ಇರುತ್ತದೆ.

ನಾವೆಲ್ಲ ಚೆನ್ನಾಗಿದ್ದೇವೆ. ಹಿಂದಿನ ಕೋಣೆಯ ಕಿಟಕಿಗೆ ಗಾಜು ಹಾಕಿಸಿದೆ. ಈಗ ಕಬ್ಬಿಣ ಕಡೆಯುವ ಲೇತಿನ ಮೇಲೆ ಮಧ್ಯಾಹ್ನದವರೆಗೂ ಬೆಳಕಿರುತ್ತದೆ. ಸವೆದ ಅರವೊಂದನ್ನು ಸಾಣೆ ಹಿಡಿದು ಉಳಿ ಮಾಡಿಕೊಂಡೆ, ಹಿಡಿ ಅಂಗೈಗೆ ಒಪ್ಪುವವರೆಗೆ ಮೂರು ಸಲ ಬದಲಿಸಿದೆ. "ಅಡುಗೆಮನೇಲಿ ಒಂದು ಚಾಕೂ ಹರಿತವಿಲ್ಲ, ಇವರು ಉಳಿಗೆ ಶೃಂಗಾರ ಮಾಡ್ತಿದ್ದಾರೆ" ಎಂದು ಇವಳು ಹಂಗಿಸುತ್ತಾಳೆ.

ಅದೇ ಹುಮ್ಮಸ್ಸಿನಲ್ಲಿ ಅಪ್ಪ ದಪ್ಪ ಅಳೆಯುವ ಮೈಕ್ರೋಮೀಟರಿಗೂ ಕೈ ಹಾಕಿದೆ. ನಿನಗೆ ಗೊತ್ತಲ್ಲ, ಸವೆದು ಸವೆದು ಅದು ಎರಡು ಗೆರೆ ಕಡಿಮೆ ತೋರಿಸುತ್ತಿತ್ತು. ಎರಡು ಗೆರೆ ಎಂದರೆ ಕೂದಲಿಗಿಂತ ತೆಳು. ಮೂವತ್ತು ವರ್ಷದಿಂದ ಅಪ್ಪ ಮನಸ್ಸಿನಲ್ಲೇ ಎರಡು ಸೇರಿಸಿಕೊಳ್ಳುತ್ತಿದ್ದರು. ಅವರು ಹಲ್ಲಿನ ಡಾಕ್ಟರ ಹತ್ತಿರ ಹೋದ ದಿನ ನಾನು ಅದನ್ನು ಬಿಚ್ಚಿ, ಒರೆಸಿ, ಸೊನ್ನೆಗೆ ಸೊನ್ನೆ ಕೂಡಿಸಿ ಪೆಟ್ಟಿಗೆಯಲ್ಲಿಟ್ಟೆ. ಹೇಳಲಿಲ್ಲ. ತಾವಾಗಿಯೇ ಕಂಡುಕೊಂಡು "ಭೇಷ್" ಅನ್ನಲಿ ಎಂಬ ಆಸೆ.

ಅವರು ಸೊನ್ನೆಯ ಗೆರೆಯನ್ನು ನೋಡಲೇ ಇಲ್ಲ. ಮನೆಯವರ ಮುಖವನ್ನು ಯಾರು ದಿನಾ ದಿಟ್ಟಿಸಿ ನೋಡುತ್ತಾರೆ? ಎಂದಿನಂತೆ ಎರಡು ಸೇರಿಸಿಕೊಂಡರು, ಇನ್ನೂ ದಪ್ಪವಿದೆ ಎಂದುಕೊಂಡು ಎರಡು ಗೆರೆ ಹೆಚ್ಚು ಕೆರೆದರು. ಬೇಕರಿಯವನ ಹಿಟ್ಟು ನಾದುವ ಯಂತ್ರದ ಶಾಫ್ಟು ಬೇರಿಂಗಿನೊಳಗೆ ಬಿಗಿಯಾಗಿ ಕೂರಬೇಕಾದದ್ದು ಸಲೀಸಾಗಿ ಜಾರಿತು.

"ಏನ್ ಯಜಮಾನ್ರೇ, ಅಣ್ಣನ ಚಪ್ಪಲಿ ತಮ್ಮನಿಗೆ ಹಾಕಿದ ಹಾಗಿದೆಯಲ್ಲ!" ಎಂದ ಬೇಕರಿಯವನು. ಅಪ್ಪನೂ ನಕ್ಕರು. ಎರಡನೆಯದೂ ಹಾಗೇ ಆಯಿತು. ಮೂರನೆಯದಕ್ಕೆ ಯಾರೂ ನಗಲಿಲ್ಲ.

"ಕೈ ಹೋಯ್ತು ಕಣೋ" ಎಂದರು. ಮೇಲಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ನಾಲ್ಕನೆಯದನ್ನು ನಾನು ಮಾಡಿದೆ. ಕೂತಿತು.

ಮೂರು ವಾರವಾಯಿತು, ಅಪ್ಪ ಹಿಂದಿನ ಕೋಣೆಗೆ ಕಾಲಿಟ್ಟಿಲ್ಲ. ಪೇಪರ್ ಓದುತ್ತಾರೆ, ನಡುವೆ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. ತಮ್ಮ ದೊಡ್ಡ ಲೇತನ್ನು ವೆಲ್ಡಿಂಗಿನವನಿಗೆ ಕೊಡುವುದೆಂದು ಮಾತಾಡಿಯೂ ಬಿಟ್ಟಿದ್ದಾರೆ. ಭಾನುವಾರ ಲಾರಿ ಬರುತ್ತದೆ. "ನಿನಗೆ ಚಿಕ್ಕದು ಸಾಕಲ್ಲ, ಇದು ನನ್ನ ಕೈಗೆ ಪಳಗಿದ್ದು" ಎಂದರು. ಕೈ ಕೆಟ್ಟಿಲ್ಲ, ಅಕ್ಕ. ನಾನು ಮೈಕ್ರೋಮೀಟರ್ ಸರಿ ಮಾಡಿದ್ದರಿಂದ ಶಾಫ್ಟು ಕೆಟ್ಟದ್ದು. ಲಾರಿಗೆ ಮೊದಲು ಹೇಳಿಬಿಡುತ್ತೇನೆ.

ಭಾವನವರಿಗೆ ನಮಸ್ಕಾರ. ನಿನ್ನ ಮಗಳಿಗೆ ಪರೀಕ್ಷೆ ಸುಲಭವಾಗಲಿ, ನೂರು ಕಾಲ ಬಾಳಲಿ.

ನಿನ್ನ
ತಮ್ಮ

ಮರೆತ ಮಾತು: ಮರೆತದ್ದೇನಲ್ಲ. ಮೊದಲ ಶಾಫ್ಟಿಗೇ ನನಗೆ ಹೊಳೆದಿತ್ತು. ಬೇಕರಿಯವನ ಎದುರು ಬೇಡ, ಸಂಜೆ ಹೇಳೋಣ ಎಂದುಕೊಂಡೆ. ಸಂಜೆ ಹೇಳಲಿಲ್ಲ. ಎರಡನೆಯದು ಕೆಡುವಾಗ ಪಕ್ಕದಲ್ಲೇ ನಿಂತಿದ್ದೆ. ಮೂರನೆಯದಾದ ಮೇಲೆ ಅಪ್ಪ ಮೈಕ್ರೋಮೀಟರನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನು ನೀನೇ ಅಳತೆ ನೋಡಪ್ಪ, ನೀನು ಹೇಳಿದ್ದೇ ಸರಿ" ಎಂದರು. ನನಗೆ ಐವತ್ತೆರಡು ತುಂಬಿತು. ಇಷ್ಟು ವರ್ಷ ನಾನು ಅಳೆದದ್ದನ್ನೆಲ್ಲ ಅವರು ಇನ್ನೊಮ್ಮೆ ಅಳೆದೇ ಒಪ್ಪಿದ್ದು. ಆ ಒಂದು ಮಾತನ್ನು ಮೂರು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದು ಹೇಳಿದರೆ ಅವರ ಕೈ ಅವರಿಗೆ ವಾಪಸ್ ಸಿಗುತ್ತದೆ. ಆಮೇಲೆ ನಾನು ಹೇಳುವ ಅಳತೆಯನ್ನು ಅವರು ನಂಬುತ್ತಾರಾ, ಅಕ್ಕ?