ಮೂರು ದಿನ ಕಟ್ಟಿದ ಗಾಯಗಳು

ಅರಕಲಗೂಡು
೧೨-೬-೧೯೩೯

ಹೊಳೆನರಸೀಪುರದ ಶ್ರೀರಂಗಮ್ಮನವರಿಗೆ ಷಡಕ್ಷರಿಯ ನಮಸ್ಕಾರಗಳು.

ತಾಯಿ, ಸ್ಪೇನಿನ ಅಂತರ್ಯುದ್ಧದ ಡೇರೆ ಆಸ್ಪತ್ರೆಯಲ್ಲಿ ನಿಮ್ಮ ಮಗ ಡಾಕ್ಟರ್ ಚಲುವನಾರಾಯಣರಿಗೆ ನಾನು ಕಾಂಪೌಂಡರಾಗಿದ್ದೆ. ಕಳೆದ ಜುಲೈ ಇಪ್ಪತ್ತರ ಮಧ್ಯಾಹ್ನ, "ಷಡಕ್ಷರಿ, ಇನ್ನೂ ಒಂಬತ್ತು ಜನಕ್ಕೆ ಪಟ್ಟಿ ಕಟ್ಟೋದಿದೆ ಕಣೋ, ಬೇಗ ಬಾ" ಎಂದು ಡೇರೆಯ ಹೊರಗೆ ನಿಂತು ಕರೆಯುತ್ತಿದ್ದಾಗಲೇ ಬಾಂಬು ಬಿತ್ತು. ಅವರೂ ನರ್ಸ್ ಮರಿಯಾಳೂ ಅಲ್ಲೇ ತೀರಿಕೊಂಡರು. ಸೌದೆ ಸಿಗದೆ ನಮ್ಮ ಲಿಂಗಾಯತರ ಪದ್ಧತಿಯಂತೆ ಮಣ್ಣು ಮಾಡಿದೆ, ತಪ್ಪು ತಿಳಿಯಬೇಡಿ.

ಮರುದಿನ ನೋಡಿದರೆ ಒಂಬತ್ತು ಜನರಿಗೂ ಹೊಸ ಪಟ್ಟಿ ಕಟ್ಟಿತ್ತು. ನಾನು ಕಟ್ಟಿರಲಿಲ್ಲ.

"ಡಾಕ್ಟರೂ ನರ್ಸೂ ಈಗ ತಾನೇ ಹೋದರು. ಅವರ ಕೈ ಯಾಕೆ ಅಷ್ಟು ತಣ್ಣಗೆ?" ಎಂದು ಗಾಯಾಳುಗಳು ನನ್ನನ್ನೇ ಕೇಳಿದರು.

ಮೂರು ದಿನ ಹೀಗೇ ನಡೆಯಿತು. ಆದ್ದರಿಂದ ಶ್ರಾದ್ಧಕ್ಕೆ ಯಾವ ದಿನ ಹಿಡಿಯಬೇಕೆಂದು ನಾನು ಹೇಳಲಾರೆ, ಪುರೋಹಿತರನ್ನು ಕೇಳಿ.

ಮರಿಯಾಳಿಗೆ ಯಾರೂ ಇಲ್ಲ. ಅಂದು ಅವಳಿಗೂ ಒಂದು ಎಲೆ ಹಾಕಿಸಿ.

ನಿಮ್ಮ ಮಗನ ಕಾಂಪೌಂಡರ್,
ಷಡಕ್ಷರಿ