ನೀರು ತಂದವನನ್ನು ಎಬ್ಬಿಸುವವರಿಗೆ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳನ್ನು ಈ ವಯಸ್ಸಿನಲ್ಲಿ ಕೂರಿಸಿ ಬರೆಸುತ್ತಿದ್ದಾರೆ. ಮೊಮ್ಮಗಳು ಚಿತ್ಕಲಾ ತಲೆಯ ಮೇಲೇ ನಿಂತಿದ್ದಾಳೆ. "ಬೈಗುಳ ಬಿಟ್ಟು ಬರಿ ಅಜ್ಜೀ" ಎನ್ನುತ್ತಾಳೆ. "ಬೈಗುಳ ಬಿಟ್ಟರೆ ಹಾಳೆ ಖಾಲಿ ಕಣೇ" ಎಂದೆ.

ಇವತ್ತು ೨೨೧೧ನೇ ಇಸವಿ, ಬಿರುತಿಂಗಳ ಒಂಬತ್ತು. ಬೇಸಿಗೆ ಹಿಗ್ಗಿದ ಮೇಲೆ ಜುಲೈಗೂ ಆಗಸ್ಟಿಗೂ ನಡುವೆ ಸರ್ಕಾರ ತುರುಕಿದ ಹದಿಮೂರನೆಯ ತಿಂಗಳು ಅದು. ನಿಮ್ಮ ಕಾಲಕ್ಕೆ ಇನ್ನೆಷ್ಟು ತುರುಕಿರುತ್ತಾರೋ. ನನ್ನ ಮಾತು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ. ನೆಬ್ರಾಸ್ಕದ ಹಾರ್ಟ್ಲಿ ಬ್ಲಫ್ ಎಂಬ ಈ ಒಣ ಊರಿನಲ್ಲಿ ಕನ್ನಡ ಅಡುಗೆಮನೆಯಲ್ಲಷ್ಟೇ ಉಳಿದಿದೆ. ಬೇರೆಯದು ನನಗೆ ಬರೆಯಲು ಬರುವುದಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ನೀರು ತಂದವನ ಹೆಸರು ಕೇಳಬಾರದು. ಕಾವಲಿನ ಬಾವಿಗಳಿಂದ ಕದ್ದು ತಂದು ಹಂಚುತ್ತಿದ್ದ ಕಾಲದಲ್ಲಿ ಹುಟ್ಟಿದ್ದು ಅದು. ಹೆಸರು ಗೊತ್ತಿಲ್ಲದಿದ್ದರೆ ಪೊಲೀಸರಿಗೆ ಹೇಳುವುದಾದರೂ ಏನು? ಗಾಡಿ ನಿಂತ ಸದ್ದಾದರೆ ಬಾಗಿಲು ತೆಗೆಯುವುದು, ಕ್ಯಾನ್ ಒಡ್ಡುವುದು, ಹರಸಿ ಕಳಿಸುವುದು. ಮುಖವನ್ನೂ ದಿಟ್ಟಿಸುತ್ತಿರಲಿಲ್ಲ. ಅದು ಮರ್ಯಾದೆ.

ಹಾಗೆ ನೀರು ತರುತ್ತಿದ್ದ ಲೈಲ್ ಹ್ಯಾಡ್ಲಿ ಎಂಬವನು ಈ ಮರ್ಯಾದೆಯ ಮರೆಯಲ್ಲೇ ಏಳು ಹೆಂಗಸರನ್ನು ಕೊಂದ. ಎಲ್ಲರೂ ಒಂಟಿಯಾಗಿ ಬಾಗಿಲು ತೆಗೆದವರು. ಪೊಲೀಸರು ಬಂದು ಕೇಳಿದರೆ ಊರಿಗೆ ಊರೇ "ನೀರಿನವನು" ಎಂದಿತೇ ಹೊರತು ಯಾರು, ಹೇಗಿದ್ದ ಎಂದು ಒಬ್ಬರಿಗೂ ಹೇಳಲಾಗಲಿಲ್ಲ. ಕೊನೆಗೆ ಹೊರಗಿನಿಂದ ಬಂದ ಮಾರಿಸೋಲ್ ಎಂಬವಳು, ನಮ್ಮ ಪದ್ಧತಿ ತಿಳಿಯದೆ, ಕ್ಯಾನ್ ಒಡ್ಡುತ್ತಾ ಹೆಸರು ಕೇಳಿದಳು. ಅದುವರೆಗೆ ಯಾರೂ ಕೇಳಿರಲಿಲ್ಲವಲ್ಲ, ಅವನು ಹೇಳಿಬಿಟ್ಟ. ಕುತ್ತಿಗೆಗೆ ಕೈ ಹಾಕಿದಾಗ ಅವಳು ಕ್ಯಾನಿನಿಂದಲೇ ಹೊಡೆದು ಓಡಿಬಂದು ಆ ಹೆಸರನ್ನು ಬೀದಿಯಲ್ಲಿ ಕೂಗಿದಳು.

ಆರು ದೇಹ ಸಿಕ್ಕವು. ಏಳನೆಯವಳು ನನ್ನ ಮಗಳು ವನಮಾಲಾ, ಈ ಚಿತ್ಕಲಾಳ ತಾಯಿ. ಅವಳ ಕ್ಯಾನಿನ ಮುಚ್ಚಳ, ನಾನೇ ಕೆಂಪು ನೂಲು ಸುತ್ತಿದ್ದು, ಅವನ ಗಾಡಿಯಲ್ಲಿತ್ತು. ಮುಚ್ಚಳ ಸಾಲದು, ದೇಹ ಬೇಕು ಎಂದಿತು ನ್ಯಾಯಾಲಯ. ತೀರ್ಪಿನಲ್ಲಿ ಆರು ಹೆಸರಿದೆ, ಅವಳದಿಲ್ಲ. ಅವಳು ಕಾಣೆಯಾದ ವಾರವೇ ಅವನು ನಮ್ಮ ಮನೆಗೂ ನೀರು ತಂದಿದ್ದ. ನೂರು ವರ್ಷ ಬಾಳಪ್ಪ ಎಂದು ಹರಸಿದ್ದೆ. ನ್ಯಾಯಾಧೀಶರು ಅದಕ್ಕೆ ಇನ್ನೂ ಐವತ್ತು ಸೇರಿಸಿದರು.

ಮಂಜುಶಿಕ್ಷೆ ಎನ್ನುತ್ತಾರೆ ಇದಕ್ಕೆ. ಗಲ್ಲು ನಿಂತುಹೋಗಿದೆ. ತಣ್ಣನೆಯ ಪೆಟ್ಟಿಗೆಯಲ್ಲಿ ನೂರೈವತ್ತು ವರ್ಷ ಮಲಗಿಸುತ್ತಾರೆ. ಇಂಥವನನ್ನು ಏನು ಮಾಡಬೇಕೆಂದು ಮುಂದಿನವರಿಗೆ ತಿಳಿದೀತಂತೆ. ತಮ್ಮ ಮನೆಯ ಕಸ ಪಕ್ಕದವರ ಅಂಗಳಕ್ಕೆ ಗುಡಿಸುವ ಬುದ್ಧಿ. ಮಲಗಿಸುವ ಮುಂಚೆ ಒಂದು ಪ್ರಶ್ನೆಗೆ ಅವಕಾಶ ಕೊಟ್ಟರು. "ನನ್ನ ಮಗಳನ್ನ ಎಲ್ಲಿ ಹಾಕಿದೆಯೋ?" ಎಂದೆ. "ಯಾರಮ್ಮಾ ಅದು? ನಾನೂ ಯಾರ ಹೆಸರನ್ನೂ ಕೇಳಿದವನಲ್ಲ" ಎಂದು ನಕ್ಕ. ಅದೇ ನಗುವಿನಲ್ಲೇ ಮಲಗಿದ್ದಾನೆ. ಸತ್ತವರ ಮನೆಗೆ ಒಂದೊಂದು ಹಾಳೆ ಕೊಟ್ಟು, ಬರೆದದ್ದನ್ನು ಪೆಟ್ಟಿಗೆಯ ಜೊತೆ ಇಡುತ್ತಾರೆ. ನನಗೂ ಕೊಟ್ಟದ್ದು ಕನಿಕರಕ್ಕೆ.

ಈಗ ಊರಿನಲ್ಲಿ ಎಲ್ಲರೂ ಹೆಸರು ಕೇಳುತ್ತಾರೆ, ಯಾರೂ ಬಾಗಿಲು ತೆಗೆಯುವುದಿಲ್ಲ. ಮೊನ್ನೆ ಎದುರುಮನೆಯ ಮುದುಕ ಚಿಲಕ ಹಾಕಿಕೊಂಡೇ ಬಾಯಾರಿ ಸತ್ತ. ಹೊರಗೆ ನೀರಿನ ಗಾಡಿ ನಿಂತಿತ್ತು.

ಅವನನ್ನು ಎಬ್ಬಿಸುವುದು ೨೩೬೧ರ ಮಾರ್ಚ್ ಮೂರಕ್ಕೆ. ಎದ್ದ ಕೂಡಲೇ ವಿಪರೀತ ಬಾಯಾರುತ್ತದಂತೆ. ಕೊಡಬೇಡಿ. ಮೊದಲು ಜಾಗ ಹೇಳಿಸಿ. ಸಾಧು ಮನುಷ್ಯನಂತೆ ಕಾಣುತ್ತಾನೆ, ಮರುಳಾಗಬೇಡಿ. ವನಮಾಲಾಳ ಎಡ ಮಣಿಕಟ್ಟು ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಮೂಳೆ ನೋಡಿದರೆ ಗುರುತು ಸಿಗುತ್ತದೆ.

ನಾನಿರುವುದಿಲ್ಲ, ಚಿತ್ಕಲಾಳೂ ಇರುವುದಿಲ್ಲ, ಅಷ್ಟು ನನಗೂ ಗೊತ್ತು. ಕೇಳುವವರಿಲ್ಲ ಎಂದು ಸುಮ್ಮನಾಗಬೇಡಿ. ಸ್ಮಶಾನದ ಮೂಡಣ ಬೇಲಿಯ ಹತ್ತಿರ ಸಾವಂತ್ರಮ್ಮ ಎಂದು ನನ್ನ ಹೆಸರು ಕೆತ್ತಿದ ಕಲ್ಲಿರುತ್ತದೆ, ಪಕ್ಕದಲ್ಲಿ ಒಬ್ಬಳಿಗಾಗುವಷ್ಟು ಜಾಗ ಬಿಡಿಸಿರುತ್ತೇನೆ. ಅಲ್ಲಿ ಬಂದು ಹೇಳಿ. ಮಾರ್ಚ್ ಹತ್ತರೊಳಗೆ ನನಗೆ ಉತ್ತರ ಬೇಕು.