ನಲವತ್ತರ ಗಂಡಸಾದ ಅಯ್ಯಮ್ಮನ ಇಸಿಜಿ

ಮಾನ್ಯ ವಲಯ ಆರೋಗ್ಯಾಧಿಕಾರಿಗಳೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ನಾನು ಕಾರ್ಡಿಯಾಕ್ ಕೇರ್ ಕೋರ್ಸಿನ ಮೊದಲ ವರ್ಷದವಳು. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮುಗಿಸುವವಳು. ಈ ಪತ್ರವನ್ನು ನಾಲ್ಕು ಸಲ ಹರಿದಿದ್ದೇನೆ. ವಿಷಯ ಇಷ್ಟೇ: ಕಳೆದ ಶನಿವಾರ ಮರ್ಫಿ ಟೌನಿನಲ್ಲಿ ತಾವು ನಡೆಸಿದ ಬಿಪಿ ಶಿಬಿರದಲ್ಲಿ ಇಸಿಜಿ ಮಾಡಿಸಿಕೊಂಡ ಅರವತ್ತೆರಡು ಜನರೂ, ತಮ್ಮ ದಾಖಲೆಯ ಪ್ರಕಾರ, ನಲವತ್ತು ವರ್ಷದ ಗಂಡಸರು.

ಕೆಲಸ ಕಲಿಯಲೆಂದು ಶಿಬಿರಕ್ಕೆ ಬಂದು ಬಟನ್ ಒತ್ತಿದವಳು ನಾನೇ. ಯಂತ್ರ ವಯಸ್ಸು ಕೇಳುತ್ತದೆ, ಹೆಣ್ಣೋ ಗಂಡೋ ಕೇಳುತ್ತದೆ. ಉತ್ತರ ಕೊಡದಿದ್ದರೆ ತಾನೇ ನಲವತ್ತು, ಗಂಡು ಎಂದುಕೊಳ್ಳುತ್ತದೆ. ಮೊದಲನೆಯವರ ವಯಸ್ಸನ್ನೇ ನಾನು ಹುಡುಕಿ ಹುಡುಕಿ ಒತ್ತುತ್ತಿದ್ದಾಗ ತಮ್ಮ ಟೆಕ್ನೀಷಿಯನ್ ಕೆಂಪರಾಜ್ ಅವರು, "ಟೋಕನ್ ನಂಬರ್ ಹಾಕು ಸಾಕಮ್ಮ, ಲೈನ್ ಗೇಟ್ ದಾಟ್ಬಿಟ್ಟಿದೆ. ಜಾತಕ ಬರೀತಿದ್ದೀಯಾ?" ಎಂದರು. ಬೆಲ್ ಹೊಡೆದರೆ ಊಟ, ಬೆಲ್ ಹೊಡೆದರೆ ನಿದ್ದೆ ಎಂದು ಬೆಳೆದವಳಿಗೆ ಎದುರುಮಾತು ಎಲ್ಲಿಂದ ಬರಬೇಕು? ಪ್ರಾಕ್ಟೀಸಿಗೆಂದು ತೆಗೆದ ನನ್ನ ಇಸಿಜಿಯಲ್ಲೂ ನಾನು ನಲವತ್ತರ ಗಂಡಸೇ. ಸದ್ಯ, ನಾರ್ಮಲ್ ಎಂದಿದೆಯಲ್ಲ ಎಂದು ಸಮಾಧಾನಪಟ್ಟೆ.

ಸೋಮವಾರ ಕ್ಲಾಸಿನಲ್ಲಿ ನಾನು ಮಾಡಿದ್ದೇನೆಂದು ಗೊತ್ತಾಯಿತು. ಬಿಪಿ ಹೆಚ್ಚಿ ಹೃದಯದ ಗೋಡೆ ದಪ್ಪವಾದರೆ ಇಸಿಜಿಯ ಅಲೆ ಎತ್ತರವಾಗಬಹುದು. ಆದರೆ ಎಷ್ಟಾದರೆ ಹೆಚ್ಚು ಎನ್ನುವ ಮಿತಿ ಹೆಂಗಸರಿಗೆ ಕೆಳಗಿದೆ, ಗಂಡಸರಿಗೆ ಮೇಲಿದೆ. ವಯಸ್ಸಾದಂತೆ ಅಲೆಯೂ ಬದಲಾಗುತ್ತದೆ. ಅಂದರೆ ನಲವತ್ತರ ಗಂಡಸಿಗೆ ನಾರ್ಮಲ್ ಆದದ್ದು ಅರವತ್ತರ ಹೆಂಗಸಿಗೆ ಎಚ್ಚರಿಕೆಯಾಗಿರಬಹುದು.

ಅಂಥವರೊಬ್ಬರು ನಮ್ಮ ಹಾಸ್ಟೆಲಿನಲ್ಲೇ ಇದ್ದಾರೆ. ರೊಟ್ಟಿ ಬಡಿಯುವ ಅಯ್ಯಮ್ಮ, ರಾಯಚೂರಿನ ಕಡೆಯವರು, ಅರವತ್ತೊಂದು ವರ್ಷ. ಅವರನ್ನು ಶಿಬಿರಕ್ಕೆ ಎಳೆದುಕೊಂಡು ಹೋದ ಸಮಾಜಸೇವಕಿಯೂ ನಾನೇ. 'ನಾರ್ಮಲ್' ಎಂದು ಸೀಲು ಬಿದ್ದ ಕಾಗದವನ್ನು ದೇವರ ಫೋಟೊ ಹಿಂದೆ ಸಿಕ್ಕಿಸಿ, ಅಂದಿನಿಂದಲೇ ಬಿಪಿ ಮಾತ್ರೆ ನಿಲ್ಲಿಸಿದ್ದಾರೆ. ತಪ್ಪಾಗಿದೆ, ಬೇರೆ ಕಡೆ ತೆಗೆಸೋಣ ಎಂದೆ.

"ಒಮ್ಮೆ ಪಾಸಾದ ಮ್ಯಾಗ ಮತ್ತ ಪರೀಕ್ಷೆ ಯಾಕ ಬರೀಬೇಕವ್ವ? ಇದಕ್ಕ ಸರ್ಕಾರದ ಸೀಲ್ ಐತಿ. ನಿನಗೇನೈತಿ?"

ನನಗೆ ಐಡಿ ಕಾರ್ಡ್ ಇದೆ. ಅದರಲ್ಲೂ ಫೋಟೊ ಮಸುಕು.

ಮಾನ್ಯರೇ, ಒಬ್ಬೊಬ್ಬರ ಹೆಸರಿನಲ್ಲೂ ಹತ್ತು ಸೆಕೆಂಡ್ ಉಳಿಸಿದ ಕೀರ್ತಿಯನ್ನು ತಮ್ಮ ಇಲಾಖೆಯೂ ನಾನೂ ಹಂಚಿಕೊಳ್ಳೋಣ. ಅರವತ್ತೆರಡು ಜನರ ಫೋನ್ ನಂಬರ್ ತಮ್ಮ ರಿಜಿಸ್ಟರಿನಲ್ಲಿದೆ. ಎಲ್ಲರನ್ನೂ ಮತ್ತೆ ಕರೆಸಿ, ಅವರವರ ವಯಸ್ಸಿನಲ್ಲೇ ಇಸಿಜಿ ತೆಗೆಸಿ. ಅದಕ್ಕೂ ಮೊದಲು, ಆ ಕಾಗದ ರದ್ದಾಗಿದೆ, ಮಾತ್ರೆ ಮುಂದುವರಿಸಿ ಎಂದು ಒಂದು ಸಾಲು, ಅದೇ ಸೀಲು ಹಾಕಿ, ಅಯ್ಯಮ್ಮನವರಿಗೆ ಕಳುಹಿಸಿ. ನನ್ನನ್ನು ಬೈಯುವುದಿದ್ದರೆ ಎರಡನೇ ಸಾಲಿನಲ್ಲಿ ಬೈಯಿರಿ. ಅವರು ಮಾತ್ರೆ ಬಿಟ್ಟು ಇಂದಿಗೆ ಆರು ದಿನ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ತಮ್ಮ ದಾಖಲೆಯಲ್ಲಿ ನಲವತ್ತರ ಗಂಡಸಾಗಿರುವ
ಪ್ರಿಯದರ್ಶಿನಿ, ಹದಿನೆಂಟು ವರ್ಷ